ಅಂಬುಜಮ್ಮನ ಪಾಚಿ ತೋಟ

ನಮ್ಮೂರಿಗೆ ಹೆಣ್ಣು ನೋಡಲು ಬರುವವರು ಮೊದಲು ಹೆಣ್ಣಿನ ಮುಖ ನೋಡುವುದಿಲ್ಲ, ಮನೆಯ ಮೆಟ್ಟಿಲು ನೋಡುತ್ತಾರೆ. ಇಲ್ಲಿ ಯಾವ ಮನೆಯ ಮೆಟ್ಟಿಲ ಮೇಲೆ ಹೊರಗಿನವರ ಕಾಲು ಬೀಳುವುದಿಲ್ಲವೋ ಆ ಮೆಟ್ಟಿಲ ಮೇಲೆ ಬೆಳಗಾಗುವಷ್ಟರಲ್ಲಿ ಪಾಚಿ ಎದ್ದಿರುತ್ತದೆ. ಬಿರುಬೇಸಗೆಯಾದರೂ ಅಷ್ಟೆ. ಮನೆಯವರು ಎಷ್ಟು ತುಳಿದರೂ ಅದರ ಒಂದು ಎಳೆ ಕೊಂಕುವುದಿಲ್ಲ. ಹಾಲಿನವನ ಕಾಲು, ಕೂಲಿಗೆ ಬಂದವನ ಕಾಲು ಲೆಕ್ಕಕ್ಕಿಲ್ಲ. ಆ ಮನೆಯವರನ್ನು ಕಾಣಬೇಕು ಅಂತಲೇ ಬಂದ ಕಾಲಾಗಬೇಕು. ಅಂಥ ಕಾಲು ಬಿದ್ದರೆ ಪಾಚಿ ಆಗಿಂದಾಗಲೇ ಒಣಗಿ ಉದುರಿ ಕಲ್ಲು ಕಾಣಿಸುತ್ತದೆ. ಜಗಳ ಆಡಲು ಬಂದರೂ ನಡೆಯುತ್ತದೆ. ಅದಕ್ಕೇ ನಮ್ಮೂರಲ್ಲಿ ಬೀದಿಜಗಳ ಕಡಿಮೆ. ಬೈಯುವವರು ಮೆಟ್ಟಿಲು ಹತ್ತಿ ಒಳಗೆ ಬಂದು, ಬೈದು, ನೀರು ಕುಡಿದು ಹೋಗುತ್ತಾರೆ.

ಹೀಗಿರುವಾಗ ಜನ ಸುಮ್ಮನೆ ಕೂರುತ್ತಾರೆಯೇ? ಅಕ್ಕಪಕ್ಕದ ಮನೆಯ ಹೆಂಗಸರು ಬೆಳಗ್ಗೆ ಒಬ್ಬರ ಮನೆಗೆ ಒಬ್ಬರು ಹೋಗಿ ಬರುವ ರೂಢಿ ಮಾಡಿಕೊಂಡರು. ಹೆಪ್ಪಿಗೆ ಮೊಸರು ಕೇಳಿದಷ್ಟೇ ಸಲೀಸು. ಮೆಟ್ಟಿಲಿನ ನೆವಕ್ಕೆ ಬಂದರೂ ಮನೆಯವಳನ್ನು ಮಾತಾಡಿಸಲು ಬಂದ ಕಾಲೇ ಅಲ್ಲವೇ, ಪಾಚಿ ಒಪ್ಪಿಕೊಳ್ಳುತ್ತಿತ್ತು. ಬಂದವಳು ಸುಮ್ಮನೆ ಬಂದೆ ಅನ್ನಬೇಕು, ಮನೆಯವಳು ಬಾ ಬಾ ಅನ್ನಬೇಕು. ಮೆಟ್ಟಿಲಿಗೋಸ್ಕರ ಬಂದೆ ಅಂತ ಮಾತ್ರ ಯಾರೂ ಬಾಯಿ ಬಿಡಬಾರದು. ಬಿಟ್ಟರೆ ಇಬ್ಬರ ಮಾನವೂ ಹೋಯಿತು. ಇದನ್ನು ನಮಗೆ ಯಾರೂ ಕೂರಿಸಿಕೊಂಡು ಕಲಿಸಿದ್ದಲ್ಲ. ಊಟಕ್ಕೆ ಕೂತವರ ಎಲೆ ಇಣುಕಬಾರದು ಅಂತ ಹೇಗೆ ಗೊತ್ತೋ ಹಾಗೆ ಇದೂ ಗೊತ್ತು.

ಅಂಬುಜಮ್ಮನಿಗೂ ಗೊತ್ತಿತ್ತು. ನನಗಿಂತ ಒಂದೆರಡು ವರ್ಷಕ್ಕೆ ಚಿಕ್ಕವಳು, ನಮ್ಮ ಎದುರು ಮನೆ. ಗಂಡ ನಂಜುಂಡಯ್ಯನದು ಪೇಟೆಯಲ್ಲಿ ಗಡಿಯಾರ ರಿಪೇರಿ ಅಂಗಡಿ. ಮಕ್ಕಳಿಲ್ಲ. ಕೈ ಧಾರಾಳ, ನಾಲಿಗೆ ಅದಕ್ಕಿಂತ ಧಾರಾಳ. ಅವಳ ಪಕ್ಕದ ಮನೆ ಪುಟ್ಟತಾಯಿಯದು. ಪುಟ್ಟತಾಯಿ ಗಂಡನನ್ನು ಕಳೆದುಕೊಂಡು, ಹಪ್ಪಳ ಸಂಡಿಗೆ ಮಾಡಿ ಅಂಗಡಿಗಳಿಗೆ ಹಾಕಿ, ಮಗಳು ಸುಕನ್ಯಳನ್ನು ಓದಿಸಿದವಳು. ಇವರಿಬ್ಬರೂ ಬೆಳಗಾದರೆ ಒಬ್ಬರ ಮನೆಗೆ ಒಬ್ಬರು ಹೋಗುತ್ತಿದ್ದರು. ಮೆಟ್ಟಿಲು ತುಳಿಯಲಿಕ್ಕೆ ಅಂತ ಶುರುವಾದದ್ದು, ವರ್ಷಗಳು ಕಳೆದಂತೆ ಒಬ್ಬರ ಮನೆ ಸಾರಿನ ಉಪ್ಪು ಇನ್ನೊಬ್ಬರು ನೋಡುವವರೆಗೆ ಬಂದಿತ್ತು. ಸುಕನ್ಯ ಅಂಬುಜಮ್ಮನನ್ನು ದೊಡ್ಡಮ್ಮ ಅಂತಲೇ ಕರೆಯುವುದು.

ಸುಕನ್ಯಳಿಗೆ ಮೊದಲ ಸಂಬಂಧ ಬಂದ ದಿನವೇ ಎಲ್ಲ ಕೆಟ್ಟದ್ದು. ಗಂಡಿನವರನ್ನು ಬಾಗಿಲಲ್ಲಿ ಎದುರುಗೊಳ್ಳಲು ಪುಟ್ಟತಾಯಿ ಕೊನೆಮನೆ ವಿಮಲಾಕ್ಷಿಯನ್ನು ಕರೆದಿದ್ದಳು. ಆಕೆಗೆ ರೇಷ್ಮೆಸೀರೆ ಉಡುವ ಠೀವಿ, ನಾಲ್ಕು ಜನರ ಮುಂದೆ ಮಾತಾಡುವ ಜಾಣತನ ಎರಡೂ ಇತ್ತು. ಅಂಬುಜಮ್ಮನಿಗೆ, ಅಕ್ಕ, ಬೋಂಡ ನೀನೇ ಕರಿಯಬೇಕು, ನಿನ್ನ ಕೈ ರುಚಿ ಯಾರಿಗಿದೆ ಅಂದಿದ್ದಳು. ಪುಟ್ಟತಾಯಿ ಪ್ರೀತಿಯಿಂದಲೇ ಅಂದ ಮಾತು ಅದು. ಅಂಬುಜಮ್ಮನ ಎದೆಯಲ್ಲಿ ಮಾತ್ರ ಅದು ಬೇರೆ ತರಹ ಕೂತಿತು. ದಿನಾ ಬರುವವಳು ಒಲೆ ಮುಂದೆ, ಯಾವತ್ತೋ ಬರುವವಳು ಬಾಗಿಲ ಮುಂದೆ! ಎಣ್ಣೆ ಕಾದಂತೆ ಅವಳೂ ಕಾದಳು.

ಬೋಂಡದ ತಟ್ಟೆ ಹಿಡಿದು ಹಜಾರಕ್ಕೆ ಬಂದಾಗ ಗಂಡಿನ ತಾಯಿ ಮೆಟ್ಟಿಲನ್ನು ಹೊಗಳುತ್ತಿದ್ದಳಂತೆ. ಎಷ್ಟು ಬೆಳ್ಳಗಿದೆ, ನಾಲ್ಕು ಜನ ಬಂದು ಹೋಗುವ ಮನೆ ಅಂತ ನೋಡಿದರೇ ತಿಳಿಯುತ್ತದೆ ಅಂತ. ವಿಮಲಾಕ್ಷಿ ಅದೆಲ್ಲ ತನ್ನದೇ ಅನ್ನುವ ಹಾಗೆ ನಗುತ್ತ ಕೂತಿದ್ದಳು. ಅಂಬುಜಮ್ಮ ತಟ್ಟೆ ಇಟ್ಟು ಹೇಳಿಯೇಬಿಟ್ಟಳು.

“ನಾಲ್ಕು ಜನ ಎಲ್ಲಿ ಬಂತು? ದಿನಾ ನಾನೊಬ್ಬಳು ಬಂದು ತುಳೀತೀನಿ. ನಾನು ಬಿಟ್ರೆ ಗಂಡಸು ಇಲ್ಲದ ಈ ಮನೆಗೆ ಯಾರು ಬರ್ತಾರೆ?”

ಗಂಡಿನ ತಾಯಿ ಬಾಯಿಗೆ ಹಾಕಲಿದ್ದ ಬೋಂಡವನ್ನು ತಟ್ಟೆಗೆ ವಾಪಸು ಇಟ್ಟಳು. ಆ ಸಂಬಂಧ ಅಲ್ಲಿಗೆ ಮುಗಿಯಿತು. ಪುಟ್ಟತಾಯಿ ಅಳಲಿಲ್ಲ, ಬೈಯಲಿಲ್ಲ. ಮಿಕ್ಕ ಬೋಂಡವನ್ನು ಡಬ್ಬಿಗೆ ಹಾಕಿ ಅಂಬುಜಮ್ಮನ ಕೈಗೆ ಕೊಟ್ಟು, ಮನೆಗೆ ತಗೊಂಡು ಹೋಗು ಅಂದಳು. ಬೈದಿದ್ದರೆ ಚೆನ್ನಾಗಿತ್ತು ಅಂತ ಅಂಬುಜಮ್ಮ ಆಮೇಲೆ ನನ್ನ ಹತ್ತಿರ ಎಷ್ಟು ಸಲ ಹೇಳಿದ್ದಾಳೋ.

ಮರುದಿನ ಪುಟ್ಟತಾಯಿ ಬರಲಿಲ್ಲ. ಅದರ ಮರುದಿನ ಅಂಬುಜಮ್ಮನ ಮೆಟ್ಟಿಲು ಹಸಿರಾಗಿತ್ತು. ಆಗ ಗೊತ್ತಾಯಿತು ನೋಡಿ. ಪುಟ್ಟತಾಯಿಯ ಮನೆಗೆ ಇವಳೊಬ್ಬಳು ಹೋಗುತ್ತಿದ್ದದ್ದು ನಿಜ, ಇವಳ ಮನೆಗೆ ಬರುತ್ತಿದ್ದವಳೂ ಪುಟ್ಟತಾಯಿ ಒಬ್ಬಳೇ. ಆಡಿಕೊಂಡ ಮಾತು ತಿರುಗಿ ತನ್ನ ಬಾಗಿಲಿಗೇ ಬಂದು ಕೂತಿತ್ತು. ಪುಟ್ಟತಾಯಿಯ ಮನೆಗೆ ಬೀದಿಯ ಹೆಂಗಸರೆಲ್ಲ ಸರದಿ ಹಿಡಿದವರಂತೆ ಹೋಗತೊಡಗಿದೆವು. ಅವಳ ಮೆಟ್ಟಿಲು ಮೊದಲಿಗಿಂತ ಬೆಳ್ಳಗಾಯಿತು. ಅಂಬುಜಮ್ಮನ ಮನೆಗೆ ಯಾರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಹೋಗಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುವುದಿಲ್ಲ, ಮಾಡಿದ್ದುಣ್ಣೋ ಮಹರಾಯ.

ನಂಜುಂಡಯ್ಯ, ಹೋಗಿ ಒಂದು ಮಾತು ತಪ್ಪಾಯಿತು ಅಂದು ಬಾ ಅಂತ ಹೆಂಡತಿಗೆ ಹೇಳಿ ಹೇಳಿ ಸೋತ. ಯಾವ ಮುಖ ಹೊತ್ತು ಹೋಗಲಿ ಅನ್ನುವುದೇ ಅವಳ ಉತ್ತರ. ಸಂಕ್ರಾಂತಿಗೆ ಎಳ್ಳು ಬೆಲ್ಲದ ತಟ್ಟೆ ಹಿಡಿದು ಪುಟ್ಟತಾಯಿಯ ಗೇಟಿನವರೆಗೆ ಹೋದದ್ದನ್ನು ನಾನೇ ನೋಡಿದ್ದೇನೆ. ಒಳಗಿಂದ ಸುಕನ್ಯಳ ಕೆಮ್ಮು ಕೇಳಿದ್ದೇ ತಡ, ಕದ್ದವಳಂತೆ ತಿರುಗಿ ಬಂದಳು. ಆ ಹುಡುಗಿ ದೊಡ್ಡಮ್ಮ ಅಂದರೆ ಏನು ಮಾಡುವುದು, ಅನ್ನದಿದ್ದರೆ ಏನು ಮಾಡುವುದು, ಎರಡಕ್ಕೂ ಅವಳಿಗೆ ಧೈರ್ಯ ಇರಲಿಲ್ಲ.

ಮೊದಮೊದಲು ಪಾಚಿಯನ್ನು ಕೆರೆದಳು. ಬ್ಲೀಚಿಂಗ್ ಪುಡಿ ಹಾಕಿ ತಿಕ್ಕಿದಳು. ಕೆರೆದ ಕಲ್ಲು ರೋಗ ಬಂದವರಂತೆ ಬಿಳಿಚಿಕೊಳ್ಳುತ್ತದೆ, ನಮ್ಮೂರಿನ ಮಗುವೂ ಅದನ್ನು ಗುರುತು ಹಿಡಿಯುತ್ತದೆ. ಬೆಳಗಾದರೆ ಮತ್ತೆ ಹಸಿರು. ಒಂದು ದಿನ ವಿಮಲಾಕ್ಷಿ ಬೇಕೆಂದೇ ಗೇಟಿನ ಮುಂದೆ ನಿಂತು, ಏನು ಅಂಬುಜಮ್ಮ, ಪಾಚಿ ಬಂದಿದೆಯಲ್ಲ ಅಂತ ನಾಲ್ಕು ಜನಕ್ಕೆ ಕೇಳುವಂತೆ ಕೇಳಿದಳು. ಕುಡುಗೋಲು ಹಿಡಿದು ಕೂತಿದ್ದ ಅಂಬುಜಮ್ಮನ ಬಾಯಿಂದ ಥಟ್ಟನೆ ಬಂದದ್ದು ಇದು: ಬಂದಿಲ್ಲ, ಬೆಳೆಸುತ್ತಿದ್ದೇನೆ.

ಸುಳ್ಳು ಹೇಳಿದ ಮೇಲೆ ಅದನ್ನು ಸಾಕಬೇಕಲ್ಲ! ಕುಡುಗೋಲು ಒಳಗಿಟ್ಟು ಮಜ್ಜಿಗೆ ನೀರು ಚಿಮುಕಿಸತೊಡಗಿದಳು. ಪಾಚಿ ರತ್ನಗಂಬಳಿಯ ಹಾಗೆ ದಪ್ಪಗೆ ಹಬ್ಬಿತು. ಪಾಚಿ ಬಂದ ಮನೆಗೆ ಜರೀಗಿಡ ತಾನಾಗಿಯೇ ನೆಂಟನಂತೆ ಬರುತ್ತದೆ. ಕಾಂಪೌಂಡಿನ ಸಂದಿಯಲ್ಲಿ ಬಂದ ಮರಿಗಳನ್ನು ಎಬ್ಬಿಸಿ, ತೆಂಗಿನ ನಾರು, ಇದ್ದಿಲು, ಇಟ್ಟಿಗೆ ಚೂರು ಬೆರೆಸಿ ಕುಂಡಗಳಲ್ಲಿ ನೆಟ್ಟಳು. ಕೊಳಾಯಿ ನೀರು ಹಾಕಿದರೆ ಎಲೆಯ ತುದಿ ಕಂದುತ್ತದೆ ಅಂತ ಮಳೆನೀರು ಹಿಡಿದಿಟ್ಟಳು. ಹಲಸಿನ ಕೊರಡಿಗೆ, ಮರದ ಮೇಲೆ ಬೆಳೆಯುವ ಸೀತಾಳೆ ಹೂವಿನ ಗಿಡ ಕಟ್ಟಿದಳು. ಜಿಂಕೆಯ ಕೊಂಬಿನಂತೆ ಎಲೆ ಬಿಡುವ ಜರಿಯನ್ನು ಹಳೇ ಹಲಗೆಗೆ ಹೊಂದಿಸಿ ಗೋಡೆಗೆ ನೇತುಹಾಕಿದಳು. ಒಡೆದ ಒರಳಿನಲ್ಲಿ ಹುಳ ತಿನ್ನುವ ಗಿಡ ಒಂದನ್ನು ಬೆಳೆಸಿದಳು, ಅಂಟಂಟು ಕೂದಲಿನ ಕೆಂಪು ಎಲೆಯದು. ಬಚ್ಚಲಲ್ಲಿ ಒಂದು ದಿನವೂ ಜಾರದಿದ್ದ ನಂಜುಂಡಯ್ಯ ತನ್ನ ಮನೆಯ ಮುಂದೆ ಜಾರಿ ಸೊಂಟ ಹಿಡಿಸಿಕೊಂಡ. ಆಮೇಲೆ ಗೋಡೆ ಸವರಿಕೊಂಡು ಅಂಗಡಿಗೆ ಹೋಗುವುದನ್ನು ಕಲಿತ.

ಗಿಡಗಳ ಮೇಲೆ ಅವಳಿಗೆ ನಿಜವಾಗಿಯೂ ಜೀವ ಹತ್ತಿತು, ಅದನ್ನು ನಾನು ಇಲ್ಲ ಅನ್ನುವುದಿಲ್ಲ. ಸುರುಳಿ ಸುತ್ತಿಕೊಂಡ ಎಳೆ ಜರಿ ಬಿಚ್ಚಿಕೊಳ್ಳುವುದನ್ನು ನೋಡುತ್ತ ಮೆಟ್ಟಿಲ ಮೇಲೆ ಕೂತರೆ ಒಲೆಯ ಮೇಲಿನ ಹಾಲು ಉಕ್ಕಿದ್ದೂ ತಿಳಿಯುತ್ತಿರಲಿಲ್ಲ. ಎಷ್ಟು ಚಂದ ಬೆಳೆಯಿತೋ ಅಷ್ಟು ನಾಚಿಕೆಯೂ ಆಗುತ್ತಿತ್ತು ಅವಳಿಗೆ. ಇದು ಚಂದವಾಗಿದೆ ಅಂದರೆ ಪುಟ್ಟತಾಯಿ ಇನ್ನೂ ಬಂದಿಲ್ಲ ಅಂತ ತಾನೇ ಅರ್ಥ? ಮಳೆನೀರು ಚಿಮುಕಿಸುವಾಗ ಕೂಡ ಒಂದು ಕಿವಿ ಪಕ್ಕದ ಗೇಟಿನ ಚಿಲಕದ ಮೇಲೇ ಇರುತ್ತಿತ್ತು. ಪುಟ್ಟತಾಯಿ ಬರಬೇಕು, ಬಂದು ತುಳಿಯಬೇಕು, ತೋಟ ಹಾಳಾಗಿ ಹೋಗಬೇಕು. ಇಷ್ಟೇ ಅವಳಿಗೆ ಬೇಕಾಗಿದ್ದದ್ದು. ಕರೆಯಲಿಕ್ಕೆ ಮಾತ್ರ ಬಾಯಿ ಏಳುತ್ತಿರಲಿಲ್ಲ. ಬೇಡದ ದಿನ ಅಷ್ಟು ಸಲೀಸಾಗಿ ಹೊರಳಿದ ನಾಲಿಗೆ!

ತೋಟದ ಸುದ್ದಿ ಹಬ್ಬಿತು. ಹೊಳೆಯಾಚೆಯ ಊರಿಂದಲೂ ಜನ ಭಾನುವಾರ ನೋಡಲು ಬರತೊಡಗಿದರು. ಒಂದು ಸಲ ಗಿಡಗಳ ಹುಚ್ಚಿನ ದಂಪತಿಗಳು ಗೇಟು ತೆರೆದು ಸೀದಾ ಒಳಗೆ ಬಂದು, ಮೆಟ್ಟಿಲ ಮೇಲೆಲ್ಲ ಓಡಾಡಿ, ಪ್ರತಿ ಕುಂಡಕ್ಕೂ ಬಾಗಿ ಬಾಗಿ ಆಹಾ ಅಂದು ಹೋದರು. ಅವರು ಕಾಲಿಟ್ಟಾಗ ಅಂಬುಜಮ್ಮನ ಎದೆ ಝಲ್ಲೆಂದಿತು. ಹೋದ ಮೇಲೆ ಬಗ್ಗಿ ನೋಡಿದಳು. ಪಾಚಿ ಒಂದು ಎಳೆಯೂ ಒಣಗಿರಲಿಲ್ಲ. ಅವರು ಬಂದದ್ದು ಗಿಡ ನೋಡಲು, ಇವಳನ್ನಲ್ಲ. ಅವತ್ತು ಅವಳು ಅಡುಗೆ ಮಾಡಲಿಲ್ಲ. ಬಂದವರ ಕಾಲಿಗೂ ಪಾಚಿ ಒಣಗದ್ದನ್ನು ಬೇರೆ ಯಾರಾದರೂ ನೋಡಿಬಿಟ್ಟರೆ ಇನ್ನು ತಲೆ ಎತ್ತುವಂತಿಲ್ಲ ಅಂತ, ಗೇಟಿಗೆ ಅಡ್ಡಲಾಗಿ ತೆಂಗಿನ ಹಗ್ಗ ಕಟ್ಟಿ, ತೋಟ ಹಾಳಾಗುತ್ತದೆ, ದಯವಿಟ್ಟು ಹೊರಗಿಂದಲೇ ನೋಡಿ ಅಂತ ಎಲ್ಲರಿಗೂ ಹೇಳತೊಡಗಿದಳು.

ಹೀಗಿರುವಾಗ ಸುಕನ್ಯಳಿಗೆ ಇನ್ನೊಂದು ಸಂಬಂಧ ಕೂಡಿಬಂತು. ಮೊದಲಿನದು ತಪ್ಪಿದ ಮೇಲೆ ಬಹಳ ಕಾಲ ಯಾರೂ ಆ ಮನೆಯ ಹೆಸರೆತ್ತಿರಲಿಲ್ಲ. ಹೊಳೆಯಾಚೆಯ ಊರು, ಹುಡುಗ ಪಂಪುಸೆಟ್ಟಿನ ಮೆಕ್ಯಾನಿಕ್, ಒಳ್ಳೆಯವನು. ಹುಡುಗನ ಸೋದರತ್ತೆ ಕಾಳಮ್ಮನೇ ಆ ಮನೆಯ ಯಜಮಾನಿ ಇದ್ದ ಹಾಗೆ, ಅವಳು ಹೂಂ ಅಂದರೆ ಹೂಂ. ಮಾತುಕತೆಗೆ ಬಂದ ದಿನ ನಾವೆಲ್ಲ ಪುಟ್ಟತಾಯಿಯ ಮನೆಯಲ್ಲಿದ್ದೆವು. ಅಂಬುಜಮ್ಮ ತನ್ನ ಮನೆಯ ಕಿಟಕಿಯ ಹಿಂದೆ ಇದ್ದಳು. ಈ ಸಲವಾದರೂ ಆಗಲಿ ಅಂತ ದೇವರಿಗೆ ತುಪ್ಪದ ದೀಪ ಹಚ್ಚಿಟ್ಟು, ಹೊರಗೆ ಕಾಣಿಸಿಕೊಂಡರೆ ಎಲ್ಲಿ ತನ್ನ ಮುಖ ನೋಡಿ ಹಳೆಯದೆಲ್ಲ ನೆನಪಾಗುತ್ತದೋ ಅಂತ ಬೆಳಗಿಂದ ಬಾಗಿಲು ತೆರೆದಿರಲಿಲ್ಲ.

ಒಳಗೆ ಎಲ್ಲ ಚೆನ್ನಾಗಿಯೇ ನಡೆಯಿತು. ಹುಡುಗಿ ಒಪ್ಪಿಗೆ, ಮನೆ ಒಪ್ಪಿಗೆ. ಬಸ್ಸಿಗೆ ಕಳಿಸಿಕೊಡಲು ಎಲ್ಲರೂ ಬೀದಿಗಿಳಿದೆವು. ಅಂಬುಜಮ್ಮನ ಗೇಟಿನ ಮುಂದೆ ಕಾಳಮ್ಮ ನಿಂತುಬಿಟ್ಟಳು. ಗೇಟಿಂದಲೇ ಜರೀಕುಂಡಗಳು, ಮೊದಲ ಮೆಟ್ಟಿಲಿಂದ ಬಾಗಿಲವರೆಗೆ ಒಂದೇ ಸಮನೆ ಹಸಿರು. ಹೊಳೆಯಾಚೆ ನಮ್ಮೂರಿನ ಈ ಸಂಗತಿ ಗೊತ್ತಿಲ್ಲದವರಿಲ್ಲ. ಕಾಳಮ್ಮ ಹಸಿರು ನೋಡಿದಳು, ಪಕ್ಕದಲ್ಲೇ ಇದ್ದ ಪುಟ್ಟತಾಯಿಯ ಬಿಳಿ ಮೆಟ್ಟಿಲು ನೋಡಿದಳು. ಗೋಡೆಗೆ ಗೋಡೆ ಅಂಟಿಕೊಂಡಿರುವ ಮನೆಗೂ ನೀವು ಹೋಗುವುದಿಲ್ಲವೇ ಅಂತ ಕೇಳಿದಳು. ದನಿಯಲ್ಲಿ ಕೊಂಕಿರಲಿಲ್ಲ, ಆದರೆ ನಗುವೂ ಇರಲಿಲ್ಲ. ನೆರೆಯವರ ಜೊತೆ ಹೊಂದಿಕೊಳ್ಳದ ತಾಯಿ ಅಂದರೆ ಮಗಳು ಅತ್ತೆಮನೆಯಲ್ಲಿ ಹೇಗೋ ಏನೋ ಅನ್ನುವುದು ಯಾರಿಗಾದರೂ ಬರುವ ಯೋಚನೆಯೇ. ಅಂಬುಜಮ್ಮನ ದೆಸೆಯಿಂದ ಎರಡನೇ ಸಲವೂ ಆ ಹುಡುಗಿಯ ಮದುವೆ ಮುರಿಯುವ ಹಾಗಾಯಿತಲ್ಲ ಅಂತ ನಾನು ಮನಸ್ಸಿನಲ್ಲೇ ಶಪಿಸಿದೆ.

ಪುಟ್ಟತಾಯಿಗೆ ನಿಜ ಹೇಳುವ ಹಕ್ಕಿತ್ತು. ಈ ಮನೆಯಾಕೆ ನನಗೆ ಇಂಥದು ಮಾಡಿದಳು, ಅದಕ್ಕೆ ಹೋಗುವುದಿಲ್ಲ ಅಂದಿದ್ದರೆ ನಾವೆಲ್ಲ ಸಾಕ್ಷಿ ನಿಲ್ಲುತ್ತಿದ್ದೆವು. ವಿಮಲಾಕ್ಷಿ ಆಗಲೇ ಬಾಯಿ ತೆರೆದಿದ್ದಳು. ಪುಟ್ಟತಾಯಿ ಅವಳ ಕೈ ಹಿಡಿದು ಸುಮ್ಮನಾಗಿಸಿ, ಕಾಳಮ್ಮನಿಗೆ ಹೇಳಿದಳು.

“ಹಾಗೇನಿಲ್ಲ ಕಣಮ್ಮ. ಇದು ಅಕ್ಕ ಬೆಳೆಸಿರೋ ತೋಟ. ತುಳಿದರೆ ಹಾಳಾಗುತ್ತೆ ಅಂತ ನಾವೇ ಯಾರೂ ಒಳಗೆ ಹೋಗಲ್ಲ.”

ಕಿಟಕಿಯ ಹಿಂದೆ ನಿಂತವಳಿಗೆ ಇದು ಅಕ್ಷರ ಬಿಡದೆ ಕೇಳಿಸಿತು. ತಾನು ಊರಿಗೆಲ್ಲ ಹಂಚಿದ ಸುಳ್ಳು, ತನ್ನ ಮಾನ ಮುಚ್ಚಲಿಕ್ಕೆ, ಯಾರ ಬಾಯಿಂದ ಬಂತು! ಬೋಂಡದ ಡಬ್ಬಿ ಕೈಗೆ ಕೊಟ್ಟಾಗ ಆದ ನಾಚಿಕೆ ಇದರ ಮುಂದೆ ಏನೂ ಅಲ್ಲವಂತೆ. ಬೀದಿಯಲ್ಲಿ ಕಾಳಮ್ಮ ಹುಬ್ಬು ಗಂಟು ಹಾಕಿ, ತೋಟವೋ ಮನಸ್ತಾಪವೋ, ನಮ್ಮ ಕಡೆಯೂ ಇಂಥ ತೋಟಗಳಿವೆ ಅನ್ನುತ್ತಿದ್ದಳು. ಪುಟ್ಟತಾಯಿಯ ಮುಖದ ಬಣ್ಣ ಇಳಿಯುತ್ತಿತ್ತು.

ಆಗ ಬಾಗಿಲು ತೆರೆಯಿತು. ಅಂಬುಜಮ್ಮ ಒಗ್ಗರಣೆ ಕಲೆಯ ಸೀರೆಯಲ್ಲೇ, ಕೆದರಿದ ತಲೆಯಲ್ಲೇ ಮೆಟ್ಟಿಲಿಳಿದು ಬಂದಳು. ಗೇಟಿನ ಹಗ್ಗ ಬಿಚ್ಚಲು ಹೋದಳು, ಬಿಗಿದುಕೊಂಡಿದ್ದ ಗಂಟು ಬಿಚ್ಚಲಾಗಲಿಲ್ಲ. ಹಗ್ಗದ ಒಳಗೇ ನಿಂತು, ಕಾಳಮ್ಮನ ಮುಖ ನೋಡದೆ, ನೆಲ ನೋಡುತ್ತ ಮಾತಾಡಿದಳು.

“ತೋಟ ಅಲ್ಲ ತಾಯಿ, ಪಾಚಿ. ಇವಳ ಮಗಳನ್ನು ನೋಡೋಕೆ ಮೊದಲು ಬಂದಿದ್ದವರ ಮುಂದೆ, ನಾನೊಬ್ಬಳೇ ಈ ಮನೆಗೆ ಬರೋದು ಅಂತ ಆಡಿದೆ. ಹೊಟ್ಟೆಕಿಚ್ಚಿಗೆ ಆಡಿದೆ. ಆ ಸಂಬಂಧ ನನ್ನಿಂದಲೇ ಮುರೀತು. ನನ್ನ ಮನೆಗೂ ಇವಳೊಬ್ಬಳೇ ಬರ್ತಿದ್ದದ್ದು. ಬರೋದು ಬಿಟ್ಟಳು. ಬಿಡಬೇಕಾದ್ದೇ. ಇವಳ ಕಡೆ ಒಂದು ಕೂದಲಷ್ಟೂ ತಪ್ಪಿಲ್ಲ.”

ನಮ್ಮೂರಲ್ಲಿ ಹೀಗೆ ತನ್ನ ಮೆಟ್ಟಿಲ ನಿಜವನ್ನು ತಾನೇ ನಾಲ್ಕು ಜನರೆದುರು ಆಡಿದವರನ್ನು ನಾನು ಹುಟ್ಟಿದಾಗಿಂದ ಕಂಡಿರಲಿಲ್ಲ. ನೋಡುತ್ತ ನಿಂತ ನಮಗೇ ಸೆರಗು ಹೊದ್ದುಕೊಳ್ಳುವ ಹಾಗಾಯಿತು. ಕಾಳಮ್ಮ ಅಂಬುಜಮ್ಮನನ್ನು ನೋಡಿದ್ದು ಸ್ವಲ್ಪ, ಪುಟ್ಟತಾಯಿಯನ್ನು ನೋಡಿದ್ದು ಹೆಚ್ಚು. ನಿಮ್ಮ ಮಾನ ಕಳೆದವಳ ಮಾನ ಕಾಯಲಿಕ್ಕೆ ಸುಳ್ಳು ಹೇಳಿದಿರಾ ಅಂತ ಕೇಳಿದಳು. ಪುಟ್ಟತಾಯಿ ತಪ್ಪು ಮಾಡಿ ಸಿಕ್ಕಿಬಿದ್ದವಳಂತೆ ತಲೆ ತಗ್ಗಿಸಿದಳು. ಕಾಳಮ್ಮ ಚೀಲವನ್ನು ಹೆಗಲಿಗೇರಿಸಿ, ಮುಹೂರ್ತ ನೋಡಿಸಿಬಿಡಿ, ಬಸ್ಸಿಗೆ ಹೊತ್ತಾಯಿತು ಅಂದು ಹೊರಟಳು.

ಹೆಂಗಸರೆಲ್ಲ ಅವರ ಹಿಂದೆ ಹೋದರು. ನಾನು ನಮ್ಮ ಗೇಟಿನ ಬಳಿ ಉಳಿದೆ, ಕಾಲು ನೋವು ಅಂತ ನೆವ. ಪುಟ್ಟತಾಯಿಯೂ ಹೋಗಲಿಲ್ಲ. ಹಗ್ಗದ ಆಚೆ ಅವಳು, ಈಚೆ ಇವಳು. ತಪ್ಪಾಯಿತು ಅನ್ನಲು ಅಂಬುಜಮ್ಮ ಎರಡು ಸಲ ಬಾಯಿ ತೆರೆದಳು, ಅಳು ಬಂದು ಮುಚ್ಚಿದಳು. ಮೂರನೇ ಸಲಕ್ಕೆ ಮಾತು ಹೊರಬಿತ್ತು.

“ನೀನು ಆಡಿದ್ದು ಸುಳ್ಳಾಗಿದ್ರೆ ಅವತ್ತೇ ಮರೀತಿದ್ದೆ ಅಕ್ಕ,” ಅಂದಳು ಪುಟ್ಟತಾಯಿ. “ನಿಜ ಆಡಿಬಿಟ್ಟೆ. ಅದು ಹೋಗ್ತಾನೇ ಇಲ್ಲ.”

ಅಂಬುಜಮ್ಮ ತಲೆಯಾಡಿಸಿದಳು. ಇನ್ನು ಪುಟ್ಟತಾಯಿ ಹೊರಟಳು ಅಂತಲೇ ನಾನು ಅಂದುಕೊಂಡೆ. ಹೊರಡಲಿಲ್ಲ, ಚಪ್ಪಲಿ ಬಿಟ್ಟಳು. ಹಗ್ಗದ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದಳು. ಒಳಗೆ ಬಂದು, ಜರೀಕುಂಡಗಳ ನಡುವೆ ಮೊದಲ ಮೆಟ್ಟಿಲ ಮುಂದೆ ನಿಂತಳು. ಕಾಲು ಇಡಲು ಅವಳೂ ಹೆದರಿದಂತೆ ಕಂಡಿತು. ಇಷ್ಟು ದಿನ ಯಾರ ಕಾಲಿಗೂ ಬಗ್ಗದ ಪಾಚಿ ತನ್ನ ಕಾಲಿಗೂ ಬಗ್ಗದಿದ್ದರೆ? ತಾನು ಬಂದದ್ದು ಬರೀ ಮರ್ಯಾದೆಗೋ, ಈ ಹೆಂಗಸನ್ನು ಕಾಣಬೇಕು ಅಂತಲೋ, ಅದು ಅವಳಿಗೇ ಗೊತ್ತಿರಲಿಲ್ಲ. ಕಣ್ಣು ಮುಚ್ಚಿ ಬಲಗಾಲು ಊರಿದಳು. ಅಂಬುಜಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಕಾಲು ಎತ್ತಿದಾಗ ಇಬ್ಬರೂ ಬಗ್ಗಿ ನೋಡಿದರು. ನಾನೂ ಬೀದಿ ದಾಟಿ ಬಂದು ನೋಡಿದೆ, ನನಗೇನು ಮುಚ್ಚುಮರೆ. ಬೆರಳು ಊರಿದ ಕಡೆ ಪಾಚಿ ಒಣಗಿ ಉದುರಿ, ಐದು ಬೆರಳಿನ ಗುರುತಿನಷ್ಟು ಬಿಳಿ ಕಲ್ಲು ಕಾಣುತ್ತಿತ್ತು. ಹಿಮ್ಮಡಿ ಊರಿದ ಕಡೆ ಹಸಿರು ಹಾಗೆಯೇ ಇತ್ತು.

“ಸದ್ಯಕ್ಕೆ ಇಷ್ಟೇ ಆಗಿರೋದು ಅಕ್ಕ,” ಅಂದಳು ಪುಟ್ಟತಾಯಿ. ಅವಳ ಮುಖದಲ್ಲೂ ನಾಚಿಕೆ ಇತ್ತು.

“ಇಷ್ಟಾದರೂ ಯಾಕಾಯ್ತೇ?” ಅಂತ ಅಂಬುಜಮ್ಮ ಆ ಕಲ್ಲಿನ ಪಕ್ಕ ಪಾಚಿಯ ಮೇಲೇ ಕುಸಿದು ಕೂತು, ಮುಖ ಮುಚ್ಚಿಕೊಂಡು ಅತ್ತಳು.